ಹಿಮನದಿಗೆ ಹದ್ದುಬಸ್ತು ಮಾಡುವುದು ಹೇಗೆ?

ಗಂಗೋತ್ರಿಯಿಂದ ಸುಮಾರು 18 ಕಿಲೋಮೀಟರ್ ನಡೆದು ಗೋಮುಖ ನೋಡಿ ಬಂದವರನ್ನು ಒಮ್ಮೆ ಮಾತಾಡಿಸಿ. "ಬೆಳ್ಳಗೆ ಹೊಳೆಯುತ್ತೆ ಅಂದುಕೊಂಡಿದ್ದೆ, ಬೂದು ಬಣ್ಣದ ಗೋಡೆ ಥರ ಇತ್ತು" ಎಂದು ಹೇಳುವವರು ಜಾಸ್ತಿ. ಅದು ನಿಜವೇ. ಭಾಗೀರಥಿ ಹೊರಗೆ ಬರುವ ಆ ಮಂಜುಗಡ್ಡೆಯ ಬಾಯಿ ಮಣ್ಣು ಮೆತ್ತಿಕೊಂಡ ಗೋಡೆಯಂತಿದೆ. ಅದರ ಹಿಂದೆ ಕಣ್ಣು ಹಾಯುವಷ್ಟು ದೂರ ಬರೀ ಕಲ್ಲು, ಜಲ್ಲಿ, ಮಣ್ಣು. ಅದರ ಅಡಿಯಲ್ಲಿ 30 ಕಿಲೋಮೀಟರ್ ಉದ್ದದ ಗಂಗೋತ್ರಿ ಹಿಮನದಿ ಮಲಗಿದೆ ಎಂದು ಯಾರಾದರೂ ಹೇಳಬೇಕು. ಇಲ್ಲದಿದ್ದರೆ ಗೊತ್ತೇ ಆಗುವುದಿಲ್ಲ.

ಎದುರಿಗೆ ನಿಂತವರಿಗೇ ಕಾಣದ ಅಂಚು, 700-800 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಕ್ಕೆ ಹೇಗೆ ಕಾಣುತ್ತದೆ? "ಹಿಮನದಿಗಳು ಇಷ್ಟು ಶೇಕಡಾ ಕುಗ್ಗಿವೆ" ಎಂದು ಪತ್ರಿಕೆಯಲ್ಲಿ ಓದಿದಾಗಲೆಲ್ಲ ನನಗೆ ಕಾಡುವ ಪ್ರಶ್ನೆ ಇದು. ಅಷ್ಟು ಎಂದು ಅಳೆದವರು ಯಾರು, ಯಾವ ಗಡಿಯಿಂದ ಯಾವ ಗಡಿಗೆ ಅಳೆದರು?

ಜಮೀನಿನ ಗಡಿಯ ತಕರಾರು ಬಂದರೆ ನಮ್ಮಲ್ಲಿ ಹದ್ದುಬಸ್ತಿಗೆ ಅರ್ಜಿ ಹಾಕುತ್ತೇವೆ. ಸರ್ವೆಯರ್ ಬರುತ್ತಾರೆ, ಹಳೇ ನಕ್ಷೆ ತೆಗೆಯುತ್ತಾರೆ, ಅಳೆಯುತ್ತಾರೆ, ಗಡಿಕಲ್ಲು ನೆಡಿಸುತ್ತಾರೆ. ಹಿಮನದಿಯ ವಿಸ್ತೀರ್ಣ ಅಳೆಯುವುದೂ ಹೆಚ್ಚುಕಡಿಮೆ ಇದೇ ಕೆಲಸ. ಆದರೆ ಈ ಜಮೀನು ಹರಿಯುತ್ತದೆ. ಗಡಿ ವರ್ಷ ವರ್ಷ ಜರುಗುತ್ತದೆ. ಚಳಿಗಾಲ ಬಂದರೆ ಇಡೀ ಊರಿಗೆ ಊರೇ ಬಿಳಿ ಹೊದ್ದುಕೊಂಡು ಗಡಿಯೇ ಮಾಯವಾಗುತ್ತದೆ. ನೆಟ್ಟ ಕಲ್ಲು ನಿಲ್ಲುವುದಿಲ್ಲ.

ಒಂದು ಚುಕ್ಕೆ ಅಂದರೆ ಎಷ್ಟು ಗುಂಟೆ?

ಉಪಗ್ರಹದ ಚಿತ್ರ ಚೌಕ ಚೌಕ ಚುಕ್ಕೆಗಳಿಂದ ಆಗಿರುತ್ತದೆ. ಅದೇ ಪಿಕ್ಸೆಲ್. ಒಂದು ಪಿಕ್ಸೆಲ್ ನೆಲದ ಮೇಲೆ ಎಷ್ಟು ಜಾಗವನ್ನು ತೋರಿಸುತ್ತದೆ ಎಂಬುದರ ಮೇಲೆ ಅಳತೆಯ ನಿಖರತೆ ನಿಂತಿದೆ.

ಇದನ್ನು ನಮ್ಮ ಲೆಕ್ಕದಲ್ಲೇ ನೋಡೋಣ. ಒಂದು ಗುಂಟೆ ಎಂದರೆ ಸುಮಾರು 101 ಚದರ ಮೀಟರ್. 1972ರಲ್ಲಿ ಅಮೆರಿಕ ಹಾರಿಸಿದ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹದ ಪಿಕ್ಸೆಲ್ ಸುಮಾರು 80 ಮೀಟರ್ ಚೌಕದ್ದು. ಅಂದರೆ ಒಂದು ಚುಕ್ಕೆಯಲ್ಲಿ ಒಂದೂವರೆ ಎಕರೆಗೂ ಜಾಸ್ತಿ ಜಮೀನು. 1982ರಲ್ಲಿ ಬಂದ ಲ್ಯಾಂಡ್‌ಸ್ಯಾಟ್-4ರಲ್ಲಿ ಅದು 30 ಮೀಟರ್‌ಗೆ ಇಳಿಯಿತು, ಸುಮಾರು ಒಂಬತ್ತು ಗುಂಟೆ. ನೆಲವನ್ನು ನೋಡಲೆಂದೇ ಇಸ್ರೋ ಹಾರಿಸಿದ ನಮ್ಮ ಐಆರ್‌ಎಸ್ ಉಪಗ್ರಹಗಳಲ್ಲಿರುವ ಲಿಸ್-3 ಕ್ಯಾಮೆರಾದ ಪಿಕ್ಸೆಲ್ 23.5 ಮೀಟರ್, ಹತ್ತಿರ ಹತ್ತಿರ ಐದೂವರೆ ಗುಂಟೆ. 2015ರಿಂದ ಸುತ್ತುತ್ತಿರುವ ಯುರೋಪಿನ ಸೆಂಟಿನೆಲ್-2ರಲ್ಲಿ 10 ಮೀಟರ್. ಅಂದರೆ ಒಂದು ಚುಕ್ಕೆಗೆ ಒಂದೇ ಗುಂಟೆ!

ಐಆರ್‌ಎಸ್ ಸಾಲಿನ ಮೊದಲ ಉಪಗ್ರಹ ತಯಾರಾಗಿದ್ದು ನಮ್ಮ ಬೆಂಗಳೂರಿನಲ್ಲಿ. 1988ರ ಮಾರ್ಚ್ 17ರಂದು ಅದನ್ನು ಅಂದಿನ ಸೋವಿಯತ್ ಒಕ್ಕೂಟದ ಬೈಕನೂರಿನಿಂದ ಹಾರಿಸಲಾಯಿತು. ಹಿಮಾಲಯವನ್ನು ನಮ್ಮದೇ ಕಣ್ಣಿಂದ ನೋಡುವ ಕೆಲಸ ಶುರುವಾಗಿದ್ದು ಅಲ್ಲಿಂದ.

ಬಿಳಿ ಎಲ್ಲವೂ ಮಂಜಲ್ಲ

ಈಗ ಚಿತ್ರ ಸಿಕ್ಕಿತು ಅನ್ನಿ. ಬೆಳ್ಳಗಿರುವುದನ್ನೆಲ್ಲ ಮಂಜು ಎಂದು ಗೆರೆ ಎಳೆದುಬಿಡಬಹುದಲ್ವಾ? ಆಗುವುದಿಲ್ಲ. ಮೋಡವೂ ಬೆಳ್ಳಗಿದೆ. ಇಲ್ಲಿ ಒಂದು ಸೊಗಸಾದ ಉಪಾಯ ಇದೆ.

ಉಪಗ್ರಹದ ಕ್ಯಾಮೆರಾ ನಮ್ಮ ಕಣ್ಣಿಗೆ ಕಾಣದ ಬೆಳಕನ್ನೂ ಹಿಡಿಯುತ್ತದೆ. ಅದರಲ್ಲೊಂದು ಶಾರ್ಟ್‌ವೇವ್ ಇನ್‌ಫ್ರಾರೆಡ್. ಕಣ್ಣಿಗೆ ಕಾಣುವ ಬೆಳಕನ್ನು ಮಂಜು ಬಹುಪಾಲು ವಾಪಸ್ ಕಳಿಸುತ್ತದೆ, ಅದಕ್ಕೇ ಬೆಳ್ಳಗೆ ಕಾಣುತ್ತದೆ. ಆದರೆ ಈ ಇನ್‌ಫ್ರಾರೆಡ್ ಬೆಳಕನ್ನು ಮಂಜು ಕುಡಿದುಬಿಡುತ್ತದೆ. ಆ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಮಂಜು ಹೆಚ್ಚುಕಡಿಮೆ ಕಪ್ಪು. ಮೋಡ ಹಾಗಲ್ಲ. ಅದರ ಸಣ್ಣ ಸಣ್ಣ ಹನಿಗಳು ಎರಡೂ ಬೆಳಕನ್ನು ಚೆನ್ನಾಗಿ ಚೆದುರಿಸುತ್ತವೆ. ಹಾಗಾಗಿ ಮೋಡ ಎರಡರಲ್ಲೂ ಬಿಳಿ.

ಈ ವ್ಯತ್ಯಾಸವನ್ನು ಒಂದು ಸಂಖ್ಯೆ ಮಾಡುತ್ತಾರೆ. ಹಸಿರು ಬೆಳಕಿನ ಅಳತೆಯಿಂದ ಇನ್‌ಫ್ರಾರೆಡ್ ಅಳತೆಯನ್ನು ಕಳೆಯಬೇಕು, ಬಂದದ್ದನ್ನು ಎರಡರ ಮೊತ್ತದಿಂದ ಭಾಗಿಸಬೇಕು. ಇದಕ್ಕೆ ಎನ್‌ಡಿಎಸ್‌ಐ ಎನ್ನುತ್ತಾರೆ. ಉದಾಹರಣೆಗೆ ಮಂಜು 100ಕ್ಕೆ 80 ಪಾಲು ಹಸಿರು, 10 ಪಾಲು ಇನ್‌ಫ್ರಾರೆಡ್ ಬೆಳಕನ್ನು ವಾಪಸ್ ಕಳಿಸಿತು ಅನ್ನಿ. 70ನ್ನು 90ರಿಂದ ಭಾಗಿಸಿದರೆ 0.78. ಮೋಡ 80 ಮತ್ತು 60 ಕಳಿಸಿತು ಅನ್ನಿ. 20ನ್ನು 140ರಿಂದ ಭಾಗಿಸಿದರೆ 0.14. ಬಂಡೆ 20 ಮತ್ತು 25 ಆದರೆ ಸೊನ್ನೆಗಿಂತ ಕೆಳಗೆ. ಸಾಮಾನ್ಯವಾಗಿ 0.4ರ ಆಸುಪಾಸಿನಲ್ಲಿ ಗೆರೆ ಎಳೆದು, ಅದಕ್ಕಿಂತ ಮೇಲಿದ್ದರೆ ಮಂಜು ಎನ್ನುತ್ತಾರೆ. ಲಕ್ಷಗಟ್ಟಲೆ ಪಿಕ್ಸೆಲ್‌ಗಳನ್ನು ಕಂಪ್ಯೂಟರ್ ಹೀಗೆ ಕ್ಷಣದಲ್ಲಿ ಬೇರೆ ಮಾಡಿಬಿಡುತ್ತದೆ. ಮನುಷ್ಯ ಕೂತು ಮಾಡಿದರೆ ತಿಂಗಳುಗಳು ಬೇಕು.

ಒಂದು ಎಚ್ಚರಿಕೆ ಮಾತ್ರ ಬೇಕು. ನೀರು ಕೂಡ ಇನ್‌ಫ್ರಾರೆಡ್ ಬೆಳಕನ್ನು ಕುಡಿಯುತ್ತದೆ. ಹಿಮನದಿಯ ಬಾಯಲ್ಲಿ ಒಂದು ಕೆರೆ ಇದ್ದರೆ ಈ ಲೆಕ್ಕದಲ್ಲಿ ಅದೂ ಮಂಜಿನ ಸಾಲಿಗೆ ಸೇರಿಕೊಳ್ಳಬಹುದು. ಕರಗಿ ಕೆರೆಯಾದ ಜಾಗವನ್ನೇ "ಇನ್ನೂ ಮಂಜಿದೆ" ಎಂದು ಬರೆದುಕೊಂಡರೆ ಎಂಥ ತಪ್ಪು ನೋಡಿ. ಅದಕ್ಕೆ ನೀರನ್ನು ಬೇರೆ ಪರೀಕ್ಷೆಯಿಂದ ತೆಗೆದು ಹಾಕುತ್ತಾರೆ.

ನೆರಳು ಇನ್ನೊಂದು ತಲೆನೋವು. ಈ ಉಪಗ್ರಹಗಳು ಸಾಮಾನ್ಯವಾಗಿ ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಹಾದುಹೋಗುತ್ತವೆ. ಆಗ ಹಿಮಾಲಯದ ಕಡಿದಾದ ಉತ್ತರದ ಇಳಿಜಾರುಗಳಲ್ಲಿ ಕತ್ತಲೆ. ಅಲ್ಲಿ ಏನಿದೆ ಎಂದು ಹೇಳುವುದು ಕಷ್ಟ.

ಯಾವ ದಿನದ ಚಿತ್ರ?

ಇಡೀ ಕೆಲಸದಲ್ಲಿ ಅತಿ ದೊಡ್ಡ ತೀರ್ಮಾನ ಇದೇ ಎಂದು ನನ್ನ ಅಭಿಪ್ರಾಯ. ಹಿಮನದಿ ಎಂದರೆ ನಿನ್ನೆ ಬಿದ್ದ ಹಿಮ ಅಲ್ಲ. ಬಿದ್ದ ಹಿಮ ಬೇಸಿಗೆಯಲ್ಲೂ ಪೂರ್ತಿ ಕರಗದೆ, ಅದರ ಮೇಲೆ ಮತ್ತೆ ಬಿದ್ದು, ವರ್ಷಗಟ್ಟಲೆ ಅದುಮಿಕೊಂಡು ಗಟ್ಟಿ ಮಂಜುಗಡ್ಡೆಯಾಗಿ, ತನ್ನದೇ ಭಾರಕ್ಕೆ ನಿಧಾನವಾಗಿ ಇಳಿಜಾರಿನಲ್ಲಿ ಜಾರುತ್ತಾ ಬರುವುದು ಹಿಮನದಿ. ಉಪಗ್ರಹಕ್ಕೆ ಹೊಸ ಹಿಮವೂ ಹಳೇ ಮಂಜುಗಡ್ಡೆಯೂ ಒಂದೇ ಥರ ಕಾಣುತ್ತವೆ. ಮಾರ್ಚ್ ತಿಂಗಳ ಚಿತ್ರ ತೆಗೆದುಕೊಂಡರೆ ಪಕ್ಕದ ಬೋಳು ಗುಡ್ಡವೂ ಹಿಮನದಿಯ ಲೆಕ್ಕಕ್ಕೆ ಸೇರುತ್ತದೆ.

ಹಾಗಾದರೆ ಚಳಿಗಾಲದ ಹಿಮವೆಲ್ಲ ಕರಗಿ ಗಟ್ಟಿ ಮಂಜು ಮಾತ್ರ ಉಳಿದ ದಿನ ಬೇಕು. ಆಗಸ್ಟ್ ಸರಿ ಅನ್ನಿಸುತ್ತದೆ. ಆದರೆ ಆಗ ಮುಂಗಾರಿನ ಮೋಡ. ಅಕ್ಟೋಬರ್ ಕಳೆದರೆ ಹೊಸ ಹಿಮ. ನಡುವೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರಗಳವರೆಗೆ ಒಂದು ಸಣ್ಣ ಕಿಟಕಿ ತೆರೆಯುತ್ತದೆ. ಒಂದು ಲ್ಯಾಂಡ್‌ಸ್ಯಾಟ್ ಅದೇ ಜಾಗಕ್ಕೆ ಮತ್ತೆ ಬರುವುದು 16 ದಿನಕ್ಕೊಮ್ಮೆ. ಹಾಗಾಗಿ ಆ ಕಿಟಕಿಯಲ್ಲಿ ಸಿಗುವುದು ಒಂದೋ ಎರಡೋ ಚಿತ್ರ. ಅವತ್ತೇ ಮೋಡ ಮುಸುಕಿದ್ದರೆ ಆ ವರ್ಷ ಕೈಬಿಟ್ಟ ಹಾಗೆ. ಎರಡು ಸೆಂಟಿನೆಲ್-2 ಉಪಗ್ರಹಗಳು ಸೇರಿ ಐದು ದಿನಕ್ಕೊಮ್ಮೆ ಬರುವಂತಾದ ಮೇಲೆ ಈ ಕಷ್ಟ ಸ್ವಲ್ಪ ಕಡಿಮೆಯಾಗಿದೆ.

ಲಾಹೌಲ್, ಲಡಾಖ್ ಕಡೆ ಮಳೆಗಾಲದ ಮೋಡ ಕಡಿಮೆ, ಕೆಲಸ ಸಲೀಸು. ಸಿಕ್ಕಿಂ ಕಡೆ ಹಾಗಲ್ಲ. ಅಲ್ಲಿನ ಹಿಮನದಿಗಳಿಗೆ ಹಿಮ ಬೀಳುವುದೇ ಹೆಚ್ಚಾಗಿ ಮುಂಗಾರಿನಲ್ಲಿ. ಕರಗುವ ಕಾಲವೂ ತುಂಬುವ ಕಾಲವೂ ಒಂದೇ. ಅಲ್ಲಿ ಒಂದು ಒಳ್ಳೆಯ ಚಿತ್ರಕ್ಕೆ ಸಂಶೋಧಕರು ವರ್ಷಗಟ್ಟಲೆ ಕಾಯಬೇಕಾಗುತ್ತದೆ.

ಕಲ್ಲಿನ ಹೊದಿಕೆ

ಮತ್ತೆ ಗೋಮುಖಕ್ಕೆ ಬರೋಣ. ಅಲ್ಲಿ ಮಂಜಿನ ಮೇಲೆ ಕಲ್ಲು. ಪಕ್ಕದ ಗುಡ್ಡದಲ್ಲೂ ಅದೇ ಕಲ್ಲು. ಬಣ್ಣದ ಲೆಕ್ಕ ಇಲ್ಲಿ ಕೈಕೊಡುತ್ತದೆ. ಎನ್‌ಡಿಎಸ್‌ಐ ಎರಡನ್ನೂ ಬಂಡೆ ಎನ್ನುತ್ತದೆ. ಹಿಮಾಲಯದ ಎಷ್ಟೋ ದೊಡ್ಡ ಹಿಮನದಿಗಳ ಕೆಳಭಾಗ ಹೀಗೆಯೇ ಇದೆ. ಎತ್ತರದ ಕಡಿದಾದ ಬೆಟ್ಟಗಳಿಂದ ಉರುಳಿದ ಕಲ್ಲುಮಣ್ಣು ಮಂಜಿನ ಮೇಲೆ ಬಿದ್ದು, ಅದರ ಜೊತೆಗೇ ಪಯಣಿಸಿ ಕೆಳಗೆ ಬಂದು ಸೇರುತ್ತದೆ.

ಮರೆಯಾದ ಈ ಅಂಚನ್ನು ಹುಡುಕಲು ಹಲವು ಸುಳಿವುಗಳನ್ನು ಜೋಡಿಸುತ್ತಾರೆ. ಇಳಿಜಾರು ಒಂದು ಸುಳಿವು. ಹಿಮನದಿಯ ಮೈ ಸಾಮಾನ್ಯವಾಗಿ ಸಪಾಟು, ಪಕ್ಕದ ಬೆಟ್ಟ ಕಡಿದು. ಎರಡೂ ಸೇರುವಲ್ಲಿ ನೆಲ ಥಟ್ಟನೆ ಬಾಗುತ್ತದೆ. ತಂಪು ಇನ್ನೊಂದು ಸುಳಿವು. ಮಂಜಿನ ಮೇಲಿನ ಕಲ್ಲು ನೆಲದ ಮೇಲಿನ ಕಲ್ಲಿಗಿಂತ ತಣ್ಣಗಿರುತ್ತದೆ, ಶಾಖ ಅಳೆಯುವ ಕ್ಯಾಮೆರಾ ಅದನ್ನು ಹಿಡಿಯುತ್ತದೆ. ಕಲ್ಲಿನ ಪದರ ತೀರಾ ದಪ್ಪವಾದರೆ ಇದೂ ನಡೆಯುವುದಿಲ್ಲ.

ನನಗೆ ಬಹಳ ಹಿಡಿಸಿದ್ದು ರೇಡಾರ್‌ನ ಉಪಾಯ. ರೇಡಾರ್ ಉಪಗ್ರಹ ಸೂರ್ಯನ ಬೆಳಕಿಗೆ ಕಾಯುವುದಿಲ್ಲ. ತಾನೇ ಅಲೆಗಳನ್ನು ಕಳಿಸಿ, ಮರಳಿ ಬಂದದ್ದನ್ನು ದಾಖಲಿಸುತ್ತದೆ. ಮೋಡ ಇರಲಿ, ರಾತ್ರಿಯೇ ಇರಲಿ, ಅದಕ್ಕೆ ಅಡ್ಡಿಯಿಲ್ಲ. ಹನ್ನೆರಡು ದಿನ ಬಿಟ್ಟು ಅದೇ ಜಾಗದಿಂದ ಮತ್ತೊಮ್ಮೆ ನೋಡುತ್ತದೆ. ಪಕ್ಕದ ಗುಡ್ಡದ ಕಲ್ಲು ನಿಂತಲ್ಲೇ ನಿಂತಿರುವುದರಿಂದ ಎರಡು ಸಲದ ಪ್ರತಿಧ್ವನಿಯೂ ತಾಳೆಯಾಗುತ್ತದೆ. ಹಿಮನದಿಯ ಮೇಲಿನ ಕಲ್ಲು ಹಾಗಿಲ್ಲ. ಅಡಿಯ ಮಂಜು ಜಾರಿದೆ, ಕರಗಿದೆ, ಕಲ್ಲು ಅಷ್ಟಿಷ್ಟು ಮಗ್ಗುಲು ಬದಲಿಸಿದೆ. ಅಲ್ಲಿ ತಾಳೆ ತಪ್ಪುತ್ತದೆ. ತಾಳೆ ತಪ್ಪಿದ ಜಾಗವೆಲ್ಲ ಸೇರಿ ಹಿಮನದಿಯ ಆಕಾರದಲ್ಲಿ ಕಾಣಿಸಿಕೊಳ್ಳುತ್ತದೆ. ಕಣ್ಣಿಗೆ ಕಾಣದ್ದನ್ನು ಅದರ ಚಲನೆಯಿಂದಲೇ ಹಿಡಿಯುವುದು ಎಂದರೆ ಇದು. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ಇಸ್ರೋ ಮತ್ತು ನಾಸಾದ ನಿಸಾರ್ ಉಪಗ್ರಹ ಭೂಮಿಯ ನೆಲವನ್ನೂ ಮಂಜನ್ನೂ 12 ದಿನಕ್ಕೊಮ್ಮೆ ಹೀಗೆ ನೋಡಲೆಂದೇ ಆಗಿದೆ.

ಇಷ್ಟಾದರೂ ಕೊನೆಗೆ ಗೆರೆ ಎಳೆಯುವ ಜಾಗದಲ್ಲಿ ಅನುಭವಿ ಕಣ್ಣೊಂದು ಬೇಕೇ ಬೇಕು. ಈಗ ಕಂಪ್ಯೂಟರ್‌ಗೆ ಸಾವಿರಾರು ಹಿಮನದಿಗಳ ಗಡಿ ತೋರಿಸಿ ಕಲಿಸುತ್ತಾರೆ. ಆದರೆ ಕಲ್ಲು ಮುಚ್ಚಿದ ಕಡೆ ಅದರ ಗೆರೆಯನ್ನು ಮನುಷ್ಯರು ತಿದ್ದುತ್ತಾರೆ. ಇಬ್ಬರು ಪರಿಣತರು ಒಂದೇ ಚಿತ್ರದ ಮೇಲೆ ಎಳೆದ ಗೆರೆಗಳೂ ಪೂರ್ತಿ ಒಂದಾಗುವುದಿಲ್ಲ.

ಹಳೇ ನಕ್ಷೆ ಎಷ್ಟು ಸರಿ?

ಬದಲಾವಣೆ ಅಳೆಯಬೇಕಾದರೆ ಇವತ್ತಿನ ಗಡಿ ಸಾಲದು. ಹಳೇ ಗಡಿಯೂ ಬೇಕು. ಹದ್ದುಬಸ್ತಿನಲ್ಲೂ ಜಗಳ ಶುರುವಾಗುವುದು ಹಳೇ ನಕ್ಷೆಯಿಂದಲೇ ಅಲ್ವಾ?

ಹಿಮಾಲಯಕ್ಕೆ ಎರಡು ಥರದ ಹಳೇ ದಾಖಲೆಗಳಿವೆ. ಒಂದು, ಸರ್ವೆ ಆಫ್ ಇಂಡಿಯಾದ ನಕ್ಷೆಗಳು. ವಿಮಾನದಿಂದ ತೆಗೆದ ಫೋಟೊ ನೋಡಿ ಮಾಡಿದವು. ಇನ್ನೊಂದು, ಅಮೆರಿಕದ ಬೇಹುಗಾರಿಕೆ ಉಪಗ್ರಹಗಳ ಫೋಟೊಗಳು. ಇದರ ಕತೆಯೇ ರೋಚಕ. 1960ರಿಂದ 1972ರವರೆಗೆ ಕರೋನಾ ಎಂಬ ಹೆಸರಿನ ಉಪಗ್ರಹಗಳು ಫಿಲ್ಮ್ ರೀಲಿನಲ್ಲಿ ಫೋಟೊ ತೆಗೆಯುತ್ತಿದ್ದವು. ರೀಲು ತುಂಬಿದ ಡಬ್ಬಿಯನ್ನು ಆಕಾಶದಿಂದ ಪ್ಯಾರಾಶೂಟ್ ಕಟ್ಟಿ ಬಿಡುತ್ತಿದ್ದವು. ವಿಮಾನವೊಂದು ಅದನ್ನು ಗಾಳಿಯಲ್ಲೇ ಕೊಕ್ಕೆ ಹಾಕಿ ಹಿಡಿಯುತ್ತಿತ್ತು! ತೆಗೆದದ್ದು ಸೋವಿಯತ್ ಮತ್ತು ಚೀನಾದ ಮಿಲಿಟರಿ ನೆಲೆಗಳನ್ನು ನೋಡಲೆಂದು. ಅದರ ಜೊತೆಗೆ ಹಿಮಾಲಯವೂ ದಾಖಲಾಯಿತು. 1995ರಲ್ಲಿ ಆ ಫೋಟೊಗಳನ್ನು ಎಲ್ಲರಿಗೂ ಬಿಡುಗಡೆ ಮಾಡಿದರು. ಅಂದಿನ ಗುಟ್ಟು ಇಂದು ಹಿಮನದಿ ಸಂಶೋಧಕರಿಗೆ ದೊಡ್ಡ ಆಸ್ತಿ.

ಈಗ ಎರಡು ಅಧ್ಯಯನಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ.

ಮೊದಲನೆಯದು 2007ರಲ್ಲಿ ಪ್ರಕಟವಾಯಿತು. ಅನಿಲ್ ಕುಲಕರ್ಣಿ ಮತ್ತು ಅವರ ತಂಡದ್ದು. ಕುಲಕರ್ಣಿಯವರು ಆಗ ಇಸ್ರೋದ ಅಹಮದಾಬಾದ್ ಕೇಂದ್ರದಲ್ಲಿದ್ದರು. ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಹವಾಮಾನ ಕೇಂದ್ರಕ್ಕೆ ಬಂದು ಇದೇ ಕೆಲಸ ಮುಂದುವರಿಸಿದರು. ಅವರ ತಂಡ ಚೆನಾಬ್, ಪಾರ್ವತಿ, ಬಾಸ್ಪಾ ಕಣಿವೆಗಳ 466 ಹಿಮನದಿಗಳನ್ನು ನೋಡಿತು. 1962ರ ನಕ್ಷೆಯ ಪ್ರಕಾರ ಅವುಗಳ ಒಟ್ಟು ವಿಸ್ತೀರ್ಣ 2,077 ಚದರ ಕಿಲೋಮೀಟರ್. ಉಪಗ್ರಹದ ಚಿತ್ರದಲ್ಲಿ ಉಳಿದಿದ್ದು 1,628. ಶೇ 21ರಷ್ಟು ಕಡಿಮೆ. ಒಂದು ಚದರ ಕಿಲೋಮೀಟರ್‌ಗಿಂತ ಸಣ್ಣವು ಶೇ 38ರಷ್ಟು ಕಳೆದುಕೊಂಡಿದ್ದವು. ಸಣ್ಣ ರೈತನಿಗೆ ಬರಗಾಲ ಮೊದಲು ತಟ್ಟುವ ಹಾಗೆ, ಸಣ್ಣ ಹಿಮನದಿಗೆ ಬಿಸಿ ಬೇಗ ತಟ್ಟುತ್ತದೆ.

ಎರಡನೆಯದು 2011ರದ್ದು, ಗಢವಾಲ್ ಹಿಮಾಲಯದ್ದು. ಅಲಕನಂದಾ ಮತ್ತು ಭಾಗೀರಥಿಯ ಮೇಲ್ಭಾಗದ ಹಿಮನದಿಗಳು. ಇವರು ನಕ್ಷೆಯ ಬದಲು 1968ರ ಕರೋನಾ ಫೋಟೊಗಳಿಂದ ಶುರು ಮಾಡಿದರು. ಅಂದು 599.9 ಚದರ ಕಿಲೋಮೀಟರ್ ಇದ್ದದ್ದು 2006ಕ್ಕೆ 572.5 ಆಗಿತ್ತು. ಇಳಿಕೆ ಶೇ 4.6, ಹೆಚ್ಚುಕಡಿಮೆ 2.8. ಅಂದರೆ ನಿಜವಾದ ಇಳಿಕೆ ಶೇ 1.8ರಿಂದ 7.4ರ ನಡುವೆ ಎಲ್ಲಾದರೂ ಇರಬಹುದು.

21 ಎಲ್ಲಿ, 4.6 ಎಲ್ಲಿ! ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದು ದಯವಿಟ್ಟು ಅಂದುಕೊಳ್ಳಬೇಡಿ. ಕಣಿವೆಗಳು ಬೇರೆ, ಹಿಮನದಿಗಳ ಗಾತ್ರ ಬೇರೆ, ಮೇಲಿನ ಕಲ್ಲಿನ ಪದರ ಬೇರೆ. ಜೊತೆಗೆ ಹಳೇ ನಕ್ಷೆಗಳ ಬಗ್ಗೆ ತಜ್ಞರಲ್ಲಿ ಒಂದು ಅನುಮಾನ ಇದ್ದೇ ಇದೆ. ಆ ಫೋಟೊ ತೆಗೆದ ದಿನ ಬೆಟ್ಟದ ಮೇಲೆ ಹೊಸ ಹಿಮ ಇದ್ದಿದ್ದರೆ, ನಕ್ಷೆ ಬಿಡಿಸಿದವರು ಅದನ್ನೂ ಹಿಮನದಿ ಎಂದು ಸೇರಿಸಿರಬಹುದು. ಆಗ ಹಳೇ ವಿಸ್ತೀರ್ಣ ಜಾಸ್ತಿ ಕಾಣುತ್ತದೆ, ಇವತ್ತಿನ ನಷ್ಟವೂ ಜಾಸ್ತಿ ಕಾಣುತ್ತದೆ.

ಎರಡೂ ಅಧ್ಯಯನಗಳು ಹೇಳುವ ಒಂದು ಸಂಗತಿ ಮಾತ್ರ ಒಂದೇ. ಒಟ್ಟು ಮಂಜು ಕಡಿಮೆಯಾಗಿದೆ, ಹಿಮನದಿಗಳ ಎಣಿಕೆ ಜಾಸ್ತಿಯಾಗಿದೆ. ಗಢವಾಲ್‌ನಲ್ಲಿ 82 ಇದ್ದದ್ದು 88 ಆಯಿತು. ಹೊಸದು ಹುಟ್ಟಿಲ್ಲ. ಅವಿಭಕ್ತ ಕುಟುಂಬದ ಜಮೀನು ಭಾಗವಾದ ಹಾಗೆ, ದೊಡ್ಡದೊಂದು ಕರಗಿ ಕವಲುಗಳು ಬೇರೆ ಬೇರೆಯಾಗಿವೆ. ಗಂಗೋತ್ರಿಗೆ ಹಿಂದೆ ಬಂದು ಸೇರುತ್ತಿದ್ದ ಚತುರಂಗಿ ಹಿಮನದಿ ಈಗ ಅದರಿಂದ ಬಿಡಿಸಿಕೊಂಡಿದೆ. "ಹಿಮನದಿಗಳ ಸಂಖ್ಯೆ ಹೆಚ್ಚಿದೆ" ಎಂದು ಎಲ್ಲಾದರೂ ಓದಿದರೆ ಇದನ್ನು ನೆನಪಿಡಿ.

ಹೆಚ್ಚುಕಡಿಮೆ ಎಂಬ ಸಣ್ಣ ಗುರುತು

4.6ರ ಜೊತೆ ಬಂದ "ಹೆಚ್ಚುಕಡಿಮೆ 2.8" ಎಂಬುದನ್ನು ಸುದ್ದಿಯಲ್ಲಿ ಸುಮ್ನೆ ಬಿಟ್ಟುಬಿಡುತ್ತಾರೆ. ನನಗೆ ಅದೇ ಮುಖ್ಯ. ಅದು ಎಲ್ಲಿಂದ ಬರುತ್ತದೆ ಎಂದು ನಾವೇ ಲೆಕ್ಕ ಹಾಕಬಹುದು.

ಒಂದು ಚದರ ಕಿಲೋಮೀಟರ್‌ನ ಚೌಕಾಕಾರದ ಹಿಮನದಿ ಇದೆ ಅನ್ನಿ. ಸುತ್ತಳತೆ 4 ಕಿಲೋಮೀಟರ್. ಪಿಕ್ಸೆಲ್ 30 ಮೀಟರ್. ಅಂಚಿನ ಪಿಕ್ಸೆಲ್‌ನಲ್ಲಿ ಅರ್ಧ ಮಂಜು, ಅರ್ಧ ಬಂಡೆ ಇರುತ್ತದೆ. ಹಾಗಾಗಿ ಗೆರೆ ಅರ್ಧ ಪಿಕ್ಸೆಲ್, ಅಂದರೆ 15 ಮೀಟರ್ ಆಚೀಚೆ ಆಗಬಹುದು. 4,000 ಮೀಟರ್ ಗುಣಿಸು 15 ಮೀಟರ್, 60,000 ಚದರ ಮೀಟರ್. ಇದು ಆ ಹಿಮನದಿಯ ಶೇ 6. ಅದೇ 100 ಚದರ ಕಿಲೋಮೀಟರ್‌ನ ದೊಡ್ಡ ಹಿಮನದಿಯಾದರೆ ಸುತ್ತಳತೆ 40 ಕಿಲೋಮೀಟರ್, ಅನುಮಾನ ಬರೀ ಶೇ 0.6. ಚಿಕ್ಕ ಹಿಡುವಳಿಯಲ್ಲಿ ಬದು ತಿನ್ನುವ ಪಾಲು ಜಾಸ್ತಿ ಎಂದು ರೈತರಿಗೆ ಗೊತ್ತೇ ಇದೆ. ಇದೂ ಹಾಗೇ.

ಎರಡು ಕಾಲದ ಚಿತ್ರಗಳು ಒಂದರ ಮೇಲೊಂದು ಸರಿಯಾಗಿ ಕೂರದಿದ್ದರೆ ಇನ್ನಷ್ಟು ತಪ್ಪು ಸೇರುತ್ತದೆ. ಚಿತ್ರವೇ 30 ಮೀಟರ್ ಜರುಗಿ ಕೂತಿದ್ದರೆ, ಜಾಗ ಬಿಟ್ಟು ಕದಲದ ಹಿಮನದಿಯೂ 30 ಮೀಟರ್ ಹಿಂದೆ ಸರಿದಂತೆ ಕಾಣುತ್ತದೆ. ಅದಕ್ಕೆ ನದಿಗಳ ಸಂಗಮ, ದೊಡ್ಡ ಬಂಡೆಯಂಥ ಕದಲದ ಗುರುತುಗಳನ್ನು ಎರಡೂ ಚಿತ್ರದಲ್ಲಿ ಹುಡುಕಿ ಹೊಂದಿಸುತ್ತಾರೆ.

ಈಗ ಇನ್ನೊಂದು ಪ್ರಸಿದ್ಧ ಸಂಖ್ಯೆ. 2000-01 ಮತ್ತು 2010-11ರ ನಡುವೆ ಹಿಮಾಲಯದ 2,018 ಹಿಮನದಿಗಳನ್ನು ಇಸ್ರೋ ವಿಜ್ಞಾನಿಗಳು ಹೋಲಿಸಿದರು. 1,752 ಇದ್ದಲ್ಲೇ ಇವೆ, 248 ಹಿಂದೆ ಸರಿದಿವೆ, 18 ಮುಂದೆ ಬಂದಿವೆ ಎಂದು ಕಂಡಿತು. ವಿಸ್ತೀರ್ಣದ ಇಳಿಕೆ ಶೇ 0.2, ಹೆಚ್ಚುಕಡಿಮೆ 2.5. ಇಲ್ಲಿ ಅನುಮಾನವೇ ಬದಲಾವಣೆಗಿಂತ ದೊಡ್ಡದು! ಅಂದರೆ ಹತ್ತು ವರ್ಷದಲ್ಲಿ ಗಡಿ ಹಿಡಿಯುವಷ್ಟು ಜರುಗಿಲ್ಲ ಎಂದಷ್ಟೇ ಅರ್ಥ. "ಹಿಮಾಲಯಕ್ಕೆ ಏನೂ ಆಗಿಲ್ಲ" ಎಂದು ಇದನ್ನು ಓದಿಕೊಂಡರೆ ತಪ್ಪು. ಯಾಕೆ ತಪ್ಪು ಎಂಬುದಕ್ಕೆ ಉತ್ತರ ಮತ್ತೆ ಆ ಕಲ್ಲಿನ ಹೊದಿಕೆಯಲ್ಲೇ ಇದೆ.

ಗಡಿ ಅಲ್ಲೇ, ಒಳಗೆ ಖಾಲಿ

ಹಿಂದೆ ಐಸ್ ಗಡ್ಡೆ ಕರಗದಿರಲಿ ಎಂದು ಮರದ ಪುಡಿ, ಭತ್ತದ ಹೊಟ್ಟು ಮುಚ್ಚುತ್ತಿದ್ದರು. ದಪ್ಪ ಕಲ್ಲಿನ ಪದರ ಹಿಮನದಿಗೆ ಅದೇ ಕೆಲಸ ಮಾಡುತ್ತದೆ. ತೆಳ್ಳಗಿನ ಮಣ್ಣಿನ ಪದರವಾದರೆ ಉಲ್ಟಾ. ಕಪ್ಪು ಬಣ್ಣ ಬಿಸಿಲು ಹೀರಿ ಮಂಜನ್ನು ಬೇಗ ಕರಗಿಸುತ್ತದೆ. ಹಿಮನದಿಯ ಮೂತಿಯ ಹತ್ತಿರ ಕಲ್ಲು ದಪ್ಪ, ಮೇಲಕ್ಕೆ ಹೋದಂತೆ ತೆಳು. ಹಾಗಾಗಿ ಮೂತಿ ಇದ್ದಲ್ಲೇ ನಿಂತಿರುತ್ತದೆ, ಅದರ ಹಿಂದಿನ ಮೈ ಮಾತ್ರ ತೆಳ್ಳಗಾಗುತ್ತಾ ಹೋಗುತ್ತದೆ. ಮೇಲಿಂದ ನೋಡಿದರೆ ವಿಸ್ತೀರ್ಣ ಅಷ್ಟೇ. ಕೆರೆಯ ದಂಡೆ ಅಲ್ಲೇ ಇದ್ದು ನೀರು ತಳ ಸೇರಿದ ಹಾಗೆ.

ಇದನ್ನು ಹಿಡಿಯಲು ಎತ್ತರ ಅಳೆಯಬೇಕು. ನಮ್ಮ ಎರಡು ಕಣ್ಣು ಸೇರಿ ಆಳ ಗ್ರಹಿಸುವಂತೆ, ಎರಡು ಕೋನದಿಂದ ತೆಗೆದ ಫೋಟೊಗಳಿಂದ ಬೆಟ್ಟದ ಎತ್ತರ ಲೆಕ್ಕ ಹಾಕಬಹುದು. ಕರೋನಾದ ನಂತರ ಬಂದ ಹೆಕ್ಸಗನ್ ಬೇಹು ಉಪಗ್ರಹಗಳ 1970ರ ದಶಕದ ಫೋಟೊಗಳಿಂದ ಹೀಗೆ ಹಿಮಾಲಯದ ಹಳೇ ಎತ್ತರವನ್ನು ಕಟ್ಟಿದರು. ಅದನ್ನು 2000ದ ನಂತರದ ಚಿತ್ರಗಳ ಎತ್ತರದೊಂದಿಗೆ ಹೋಲಿಸಿದರು. 2019ರಲ್ಲಿ ಬಂದ ಈ ಅಧ್ಯಯನ 2,000 ಕಿಲೋಮೀಟರ್ ಉದ್ದಕ್ಕೆ 650 ಹಿಮನದಿಗಳನ್ನು ನೋಡಿತು. 1975ರಿಂದ 2000ದವರೆಗೆ ಅವು ಸರಾಸರಿ ವರ್ಷಕ್ಕೆ ಸುಮಾರು ಕಾಲು ಮೀಟರ್ ದಪ್ಪ ಕಳೆದುಕೊಂಡಿದ್ದವು. 2000ದಿಂದ 2016ರವರೆಗೆ ವರ್ಷಕ್ಕೆ ಸುಮಾರು ಅರ್ಧ ಮೀಟರ್. ಎರಡು ಪಟ್ಟು. "ಇದ್ದಲ್ಲೇ ಇವೆ" ಎಂದು ಗಡಿ ಹೇಳುತ್ತಿದ್ದ ಕಾಲದಲ್ಲೇ ಇದು ನಡೆಯುತ್ತಿತ್ತು.

ಹಿಮಾಲಯದ ಹಿಮನದಿಗಳು 2035ಕ್ಕೆ ಮಾಯವಾಗಬಹುದು ಎಂದು ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ ಐಪಿಸಿಸಿಯ 2007ರ ವರದಿಯಲ್ಲಿ ಬರೆದು, 2010ರಲ್ಲಿ ಅದು ತಪ್ಪು ಎಂದು ಒಪ್ಪಿಕೊಂಡದ್ದು ನಿಮಗೆ ನೆನಪಿರಬಹುದು. ಆ ತಪ್ಪಿನಿಂದ ಕೆಲವರು ಎಲ್ಲವೂ ಉತ್ಪ್ರೇಕ್ಷೆ ಎಂದರು. ಅಳತೆ ಹೇಳುವುದು ಆ ಎರಡೂ ಮಾತುಗಳ ನಡುವಿನ ಸತ್ಯವನ್ನು. 2035ಕ್ಕೆ ಮಾಯವಾಗುವುದಿಲ್ಲ. ಆದರೆ ಕರಗುವ ವೇಗ ಹೆಚ್ಚುತ್ತಿದೆ. ಪರ್ವತ ಪ್ರದೇಶಗಳ ಅಧ್ಯಯನ ನಡೆಸುವ ಕಠ್ಮಂಡುವಿನ ಇಸಿಮೋಡ್ ಸಂಸ್ಥೆಯ 2023ರ ವರದಿ ಪ್ರಕಾರ, ಹಿಂದೂ ಕುಶ್ ಹಿಮಾಲಯದಲ್ಲಿ 2011-2020ರ ದಶಕದ ನಷ್ಟ ಅದರ ಹಿಂದಿನ ದಶಕಕ್ಕಿಂತ ಶೇ 65 ಜಾಸ್ತಿ.

ಆಕಾಶದ ಕಣ್ಣಿಗೆ ನೆಲದ ಸಾಕ್ಷಿಯೂ ಬೇಕು. ಲಾಹೌಲ್-ಸ್ಪಿತಿಯ ಛೋಟಾ ಶಿಗ್ರಿ ಹಿಮನದಿಯಲ್ಲಿ 2002ರಿಂದ ಸಂಶೋಧಕರು ಮಂಜಿನಲ್ಲಿ ರಂಧ್ರ ಕೊರೆದು ಬಿದಿರಿನ ಕೋಲು ನೆಡುತ್ತಾರೆ. ಮುಂದೆ ಬಂದು ನೋಡಿದಾಗ ಕೋಲು ಎಷ್ಟು ಹೊರಗೆ ಬಂದಿದೆಯೋ ಅಷ್ಟು ಮಂಜು ಕರಗಿದೆ. ಉಸಿರು ಸಿಗದ ಎತ್ತರದಲ್ಲಿ ಹೀಗೆ ಕೋಲು ಹಿಡಿದು ನಡೆಯುವವರ ಶ್ರಮ ಇಲ್ಲದೆ ಉಪಗ್ರಹದ ಲೆಕ್ಕವನ್ನು ತಾಳೆ ನೋಡಲು ಆಗುವುದಿಲ್ಲ.

ಮಂಜು ಹೋದಲ್ಲಿ ಕೆರೆ

ಮೂತಿ ಹಿಂದೆ ಸರಿದ ಜಾಗದಲ್ಲಿ, ಕಲ್ಲುಮಣ್ಣಿನ ದಿಬ್ಬದ ಹಿಂದೆ, ನೀರು ನಿಂತು ಕೆರೆಯಾಗುತ್ತದೆ. ಹಿಮನದಿಗೆ ಹೋಲಿಸಿದರೆ ಕೆರೆಯ ಗಡಿ ಗುರುತಿಸುವುದು ಸುಲಭ. ಆದರೆ ಕೆಳಗಿನ ಊರಿನವರ ಜೀವದ ಪ್ರಶ್ನೆ ಇರುವುದು ಇಲ್ಲಿ.

ಇಸ್ರೋ 2024ರಲ್ಲಿ ಒಂದು ವಿಶ್ಲೇಷಣೆ ಬಿಡುಗಡೆ ಮಾಡಿತು. 2016-17ರಲ್ಲಿ ಗುರುತಿಸಿದ, 10 ಹೆಕ್ಟೇರಿಗಿಂತ ದೊಡ್ಡದಾದ 2,431 ಕೆರೆಗಳಲ್ಲಿ 676 ಕೆರೆಗಳು 1984ರಿಂದೀಚೆಗೆ ಗಮನಾರ್ಹವಾಗಿ ಹಿಗ್ಗಿವೆ. ಅವುಗಳಲ್ಲಿ 130 ಭಾರತದೊಳಗಿವೆ. ಅದರಲ್ಲಿ ಒಂದು ಲಾಹೌಲ್‌ನ ಘೇಪನ್ ಘಾಟ್ ಕೆರೆ, 4,068 ಮೀಟರ್ ಎತ್ತರದಲ್ಲಿದೆ. ಮನಾಲಿಗೆ ಹೋದವರು ಅಟಲ್ ಸುರಂಗ ದಾಟಿ ಸಿಸ್ಸು ಎಂಬ ಊರಿನಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರಲ್ಲ, ಆ ಊರಿನ ಮೇಲಿನ ಕಣಿವೆಯಲ್ಲೇ. 1989ರಲ್ಲಿ ಅದು 36.49 ಹೆಕ್ಟೇರ್, ಸುಮಾರು 90 ಎಕರೆ. 2022ಕ್ಕೆ 101.30 ಹೆಕ್ಟೇರ್, 250 ಎಕರೆ. ವರ್ಷಕ್ಕೆ ಹೆಚ್ಚುಕಡಿಮೆ ಐದು ಎಕರೆ ಬೆಳೆಯುತ್ತಾ ಬಂದಿದೆ.

ಸಿಕ್ಕಿಂನ ದಕ್ಷಿಣ ಲೊನಾಕ್ ಕೆರೆಯೂ ಹೀಗೆ ವರ್ಷ ವರ್ಷ ಬೆಳೆದದ್ದೇ. 2023ರ ಸೆಪ್ಟೆಂಬರ್ 28ರ ಚಿತ್ರದಲ್ಲಿ ಅದರ ವಿಸ್ತೀರ್ಣ 167.4 ಹೆಕ್ಟೇರ್. ಅಕ್ಟೋಬರ್ 3ರ ರಾತ್ರಿ ದಂಡೆಯ ದಿಬ್ಬ ಕುಸಿದು ಕೆರೆಗೆ ಬಿತ್ತು. ನೀರು ಉಕ್ಕಿ ಕಟ್ಟೆ ಒಡೆಯಿತು. ತೀಸ್ತಾ ಕಣಿವೆಯಲ್ಲಿ ಚುಂಗ್‌ಥಾಂಗ್ ಅಣೆಕಟ್ಟು ಕೊಚ್ಚಿಹೋಯಿತು, ಹಲವರು ಜೀವ ಕಳೆದುಕೊಂಡರು. ಅಕ್ಟೋಬರ್ 4ರ ಬೆಳಿಗ್ಗೆ ಆರು ಗಂಟೆಗೆ ರೇಡಾರ್ ಉಪಗ್ರಹವೊಂದು ಆ ಜಾಗದ ಮೇಲೆ ಹಾದುಹೋಯಿತು. ಮೋಡದ ಮರೆಯಲ್ಲೂ ಅದಕ್ಕೆ ಕಂಡಿತು: ಕೆರೆಯಲ್ಲಿ ಉಳಿದಿದ್ದು 60.3 ಹೆಕ್ಟೇರ್.

ಅಳತೆ ಇತ್ತು. ಕೆರೆ ಬೆಳೆಯುತ್ತಿರುವುದು ಗೊತ್ತಿತ್ತು. ಗೊತ್ತಿದ್ದದ್ದು ಕೆಳಗಿನ ಮನೆಗಳಿಗೆ ಹೊತ್ತಿಗೆ ಸರಿಯಾಗಿ ತಲುಪಲಿಲ್ಲ. ಇದನ್ನು ಬರೆಯುವಾಗ ಈಗಲೂ ಹೊಟ್ಟೆ ಸಂಕಟವಾಗುತ್ತದೆ.

ಈ ಚಿತ್ರಗಳು ಈಗ ಯಾರ ಗುಟ್ಟೂ ಅಲ್ಲ. ಲ್ಯಾಂಡ್‌ಸ್ಯಾಟ್‌ನ ಹಳೇ ಸಂಗ್ರಹ 2008ರಿಂದ ಪುಕ್ಕಟೆ. ಸೆಂಟಿನೆಲ್ ಚಿತ್ರಗಳನ್ನು ಕೋಪರ್ನಿಕಸ್ ಬ್ರೌಸರ್ ಎಂಬ ತಾಣದಲ್ಲಿ ಮೊಬೈಲಿನಲ್ಲೂ ನೋಡಬಹುದು. ನಕ್ಷೆಯಲ್ಲಿ ಸಿಸ್ಸು ಹುಡುಕಿ, ಅಲ್ಲಿಂದ ಮೇಲಿನ ಕಣಿವೆಗೆ ಹೋಗಿ. 2016ರದ್ದೊಂದು, ಕಳೆದ ವರ್ಷದ್ದೊಂದು ಚಿತ್ರ ತೆಗೆಯಿರಿ. ಶಾರ್ಟ್‌ವೇವ್ ಇನ್‌ಫ್ರಾರೆಡ್ ಆಯ್ಕೆ ಒತ್ತಿದರೆ ಮಂಜು ನೀಲಿ ಛಾಯೆಗೆ ತಿರುಗುತ್ತದೆ, ಮೋಡ ಬೆಳ್ಳಗೇ ಉಳಿಯುತ್ತದೆ, ಕೆರೆ ಕಪ್ಪಾಗುತ್ತದೆ. ತಿಂಗಳು ಮಾತ್ರ ಎರಡಕ್ಕೂ ಸೆಪ್ಟೆಂಬರ್ ಕೊನೆಯೇ ಇರಲಿ.